ಕ್ಷೇಮದ ಒಕ್ಕಣೆ, ಮೊಹರಿನ ಸತ್ಯ: ಯುದ್ಧಕಾಲದ ಮನೆಪತ್ರಗಳು

ಕನ್ನಡದ ಮನೆಪತ್ರಕ್ಕೆ ಒಂದು ಸಿದ್ಧ ಚೌಕಟ್ಟಿತ್ತು. ಹಾಳೆಯ ತಲೆಯಲ್ಲಿ ‘ಶ್ರೀ’, ಮೂಲೆಯಲ್ಲಿ ‘ಕ್ಷೇಮ’ ಎಂಬ ಒಂದೇ ಪದ, ಇನ್ನೊಂದು ಮೂಲೆಯಲ್ಲಿ ಊರು ಮತ್ತು ತಾರೀಖು, ಅದರ ಕೆಳಗೆ ‘ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂಬ ಒಕ್ಕಣೆ, ಆಮೇಲೆ ‘ಉಭಯ ಕುಶಲೋಪರಿ’, ಅಂದರೆ ಎರಡೂ ಕಡೆಯ ಕುಶಲದ ಮಾತು ಮುಗಿದ ಮೇಲೆ, ಹೇಳಬೇಕಾದ ವಿಷಯ. ಭಟ್ಕಳ, ಹೊನ್ನಾವರ, ಕುಮಟಾಗಳಂಥ ಕರಾವಳಿಯ ಊರುಗಳಿಂದ ಸೈನ್ಯ ಸೇರಿದವರಿಗೂ ಅವರ ಮನೆಯವರಿಗೂ ಈ ಚೌಕಟ್ಟು ಬಾಯಿಪಾಠವಾಗಿತ್ತು. ಆದರೆ ಯುದ್ಧ ಬಂದಾಗ ಈ ವಾಡಿಕೆಯ ಮಾತುಗಳಿಗೆ ಬೇರೆಯೇ ಹೊಣೆ ಬಿತ್ತು. ಏಕೆಂದರೆ ರಣರಂಗದ ಸೈನಿಕ ಹೇಳಬಾರದ ಸಂಗತಿಗಳಿದ್ದಂತೆ ಮನೆಯವರು ಹೇಳಲಾಗದ ಸಂಗತಿಗಳೂ ಇದ್ದವು, ಮತ್ತು ಎರಡನ್ನೂ ಮುಚ್ಚುವ ಕೆಲಸವನ್ನು ‘ಕ್ಷೇಮ’ ಎಂಬ ಪದವೊಂದೇ ಮಾಡುತ್ತಿತ್ತು.

ಈ ಊರುಗಳಿರುವ ಜಿಲ್ಲೆಗೂ ಸೈನ್ಯಕ್ಕೂ ಇರುವ ನಂಟಿಗೆ ಹೆಸರಾಂತ ನಿದರ್ಶನ ಕಾರವಾರ ತಾಲೂಕಿನ ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆಯವರದು. 1940ರಲ್ಲಿ ಬಾಂಬೆ ಎಂಜಿನಿಯರ್ಸ್ ದಳಕ್ಕೆ ಸೇರಿ ಬರ್ಮಾ ರಣರಂಗದಲ್ಲಿ ದುಡಿದ ಅವರು, 1947ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿ ಅಧಿಕಾರಿಯ ಪದವಿಗೇರಿ, 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾದಿಂದ ರಜೌರಿಯತ್ತ ಸಾಗುವ ದಾರಿಯಲ್ಲಿ ಶತ್ರು ಹೂತಿಟ್ಟ ನೆಲಬಾಂಬುಗಳನ್ನೂ ಉರುಳಿಸಿದ ಮರಗಳನ್ನೂ ತೆರವು ಮಾಡಿ ಟ್ಯಾಂಕುಗಳಿಗೆ ದಾರಿ ಬಿಡಿಸಿದ್ದಕ್ಕಾಗಿ ಪರಮವೀರ ಚಕ್ರ ಪಡೆದರು. ಬ್ರಿಟಿಷರ ಕಾಲದ ಯುದ್ಧ ಮತ್ತು ಸ್ವತಂತ್ರ ಭಾರತದ ಯುದ್ಧ ಎರಡನ್ನೂ ಕಂಡ ಈ ಪೀಳಿಗೆಯ ಸೈನಿಕರು ಮನೆಗೆ ಬರೆದ ಪತ್ರಗಳು ಸಹ ಎರಡು ಆಡಳಿತಗಳ ಅಂಚೆಯ ಮೂಲಕ ಸಾಗಿದವು.

ಸೇನೆಯ ಅಂಚೆ ಎಂಬುದು ಸಾಮಾನ್ಯ ಅಂಚೆಯ ಬೆನ್ನಿಗೇ ಹುಟ್ಟಿದ ವ್ಯವಸ್ಥೆ. 1856ರಲ್ಲಿ ಪರ್ಷಿಯಾ ಕೊಲ್ಲಿಯ ಬುಶೈರ್ ಬಂದರಿಗೆ ಹೋದ ಭಾರತೀಯ ಪಡೆಯೊಂದಿಗೆ ಕ್ಷೇತ್ರ ಅಂಚೆ ಕಚೇರಿ, ಎಂದರೆ ದಂಡಿನ ಜತೆಗೇ ಸಾಗುವ ಅಂಚೆ ಕಚೇರಿ, ಮೊದಲ ಬಾರಿಗೆ ಹೊರಟಿತು. 1972ರಲ್ಲಿ ಇದು ಸೇನಾ ಅಂಚೆ ಸೇವಾ ಕೋರ್ ಎಂಬ ಸ್ವತಂತ್ರ ಅಂಗವಾಯಿತು. ಸ್ವಾತಂತ್ರ್ಯಾನಂತರದ ಯುದ್ಧಗಳಲ್ಲಿ ಕುಮಟಾದ ತಾಯಿಯೊಬ್ಬಳು ಮಗನಿಗೆ ಬರೆಯಬೇಕಾದರೆ ಲಕೋಟೆಯ ಮೇಲೆ ಅವನ ಪದವಿ, ಹೆಸರು, ದಳದ ಹೆಸರು, ಕೊನೆಗೆ ‘56 ಎಪಿಓ’ ಅಥವಾ ‘99 ಎಪಿಓ’ (ಎಪಿಓ ಎಂದರೆ ಸೇನಾ ಅಂಚೆ ಕಚೇರಿ) ಎಂದಷ್ಟೇ ಬರೆಯಬೇಕಿತ್ತು. 56 ಎಂದರೆ ದೆಹಲಿಯ ಕೇಂದ್ರ ಸೇನಾ ಅಂಚೆ ಕಚೇರಿಯ ಮೂಲಕ ಹೋಗುವ ಪತ್ರ, 99 ಎಂದರೆ ಪೂರ್ವದ ಗಡಿಗಾಗಿ ಕೋಲ್ಕತ್ತದ ಮೂಲಕ ಹೋಗುವ ಪತ್ರ. ಯಾವ ದಳ ಇಂದು ಯಾವ ಕಣಿವೆಯಲ್ಲಿದೆ ಎಂಬುದು ಆ ಕಚೇರಿಗಳಿಗೆ ಗೊತ್ತಿತ್ತೇ ಹೊರತು ಕುಮಟಾದ ಅಂಚೆಯಣ್ಣನಿಗಾಗಲಿ ತಾಯಿಗಾಗಲಿ ಗೊತ್ತಿರಲಿಲ್ಲ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಾಗ ಭಟ್ಕಳಕ್ಕೆ 581320, ಹೊನ್ನಾವರಕ್ಕೆ 581334, ಕುಮಟಾಕ್ಕೆ 581343 ಎಂದು ಪ್ರತಿ ಊರೂ ತನ್ನ ಸಂಖ್ಯೆಯಿಂದಲೇ ಗುರುತಾಗುವಂತಾದರೆ, ಸೇನೆಗೆ ಮೀಸಲಾದ 9ರಿಂದ ಶುರುವಾಗುವ ಸಂಖ್ಯೆಗಳು ಮಾತ್ರ ನೆಲದ ಯಾವ ಜಾಗವನ್ನೂ ತೋರಿಸಲಿಲ್ಲ.

ಊರಿನ ಕಡೆಯ ದಾರಿಯೂ ಸುಲಭದ್ದಾಗಿರಲಿಲ್ಲ. 1990ರ ದಶಕದಲ್ಲಿ ಕೊಂಕಣ ರೈಲು ಬರುವವರೆಗೆ ಈ ಮೂರು ಊರುಗಳಿಗೆ ರೈಲೇ ಇರಲಿಲ್ಲವಾದ್ದರಿಂದ, ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇಳಿದ ಅಂಚೆ ಚೀಲ ಬಸ್ಸಿನಲ್ಲಿ ಘಟ್ಟ ಇಳಿದು ಇಲ್ಲವೇ ಹೊಳೆಗಳನ್ನು ದಾಟಿ ಬರಬೇಕಿತ್ತು, ಮಳೆಗಾಲದಲ್ಲಿ ಘಟ್ಟ ಕುಸಿದರೆ ಅದೂ ನಿಲ್ಲುತ್ತಿತ್ತು. 1971ರ ಯುದ್ಧ ಡಿಸೆಂಬರ್ 3ರಿಂದ 16ರವರೆಗೆ ನಡೆದದ್ದು ಎರಡೇ ವಾರ. ಯುದ್ಧದ ಮೊದಲ ದಿನ ಬರೆದ ‘ಕ್ಷೇಮ’ ಮನೆಗೆ ಮುಟ್ಟುವಷ್ಟರಲ್ಲಿ ಯುದ್ಧವೇ ಮುಗಿದಿರಬಹುದಿತ್ತು.

ಇಂಥ ಪತ್ರ ಮೂರು ಜರಡಿಗಳನ್ನು ದಾಟುತ್ತಿತ್ತು. ಮೊದಲನೆಯದು ಸೆನ್ಸಾರ್, ಅಂದರೆ ಶತ್ರುವಿಗೆ ಸುಳಿವು ಸಿಗದಂತೆ ಪತ್ರಗಳನ್ನು ತೆರೆದು ಓದುವ ಪದ್ಧತಿ. ಜಾಗದ ಹೆಸರು, ದಳದ ಚಲನೆ, ಆಯುಧ, ಸತ್ತವರ ಲೆಕ್ಕ ಇವು ಯಾವುವೂ ಪತ್ರದಲ್ಲಿ ಬರಕೂಡದು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಪತ್ರಗಳನ್ನು ಓದಿ ಕತ್ತರಿಸುವ ಕೆಲಸ ಅವರ ದಳದ ಕಿರಿಯ ಅಧಿಕಾರಿಯದೇ ಆಗಿತ್ತು. ಅವನ ಸ್ವಂತ ಪತ್ರವನ್ನು ಅವನ ಮಾತಿನ ಮೇಲೆ ನಂಬಿ ಬಿಡುತ್ತಿದ್ದರು, ಆದರೂ ಹಿಂದಿನ ನೆಲೆಯಲ್ಲಿ ಅದನ್ನು ತೆರೆಯುವ ಅಧಿಕಾರ ಸೆನ್ಸಾರ್ ಕಚೇರಿಗೆ ಇದ್ದೇ ಇತ್ತು. ತನ್ನ ಕೈಕೆಳಗಿನವರ ಮನೆಗುಟ್ಟುಗಳನ್ನೆಲ್ಲ ಓದಿ ಮುಗಿಸಿದ ಕೈಯೇ ಆಮೇಲೆ ತನ್ನ ಮನೆಗೆ ಬರೆಯಲು ಕೂರುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಬುಲೋನ್ ಪಟ್ಟಣದಲ್ಲಿ ಭಾರತೀಯ ಸೈನಿಕರ ಅಂಚೆಗೆಂದೇ ಸೆನ್ಸಾರ್ ಕಚೇರಿಯಿದ್ದು, ಅಲ್ಲಿ ಅನುವಾದಗೊಂಡ ಪತ್ರಭಾಗಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸೆನ್ಸಾರಿನ ಕಣ್ಣು ತಪ್ಪಿಸಲು ಭಾರತೀಯರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸೆಂದೂ ಬರೆದ ಸೈನಿಕರು ಅವುಗಳಲ್ಲಿ ಸಿಗುತ್ತಾರೆ. ಅದೇ ಯುದ್ಧದಲ್ಲಿ ಸೇನೆ ತಾನೇ ಒಂದು ಅಚ್ಚಿನ ಕಾರ್ಡನ್ನು ಹಂಚಿತು: ಚೆನ್ನಾಗಿದ್ದೇನೆ, ಆಸ್ಪತ್ರೆಯಲ್ಲಿದ್ದೇನೆ, ನಿಮ್ಮ ಪತ್ರ ತಲುಪಿದೆ ಎಂಬಂಥ ಸಾಲುಗಳಲ್ಲಿ ಬೇಡವಾದುದನ್ನು ಹೊಡೆದುಹಾಕಿ ಸಹಿ ಮಾಡಬೇಕು, ಒಂದಕ್ಷರ ಹೆಚ್ಚಿಗೆ ಬರೆದರೂ ಕಾರ್ಡು ನಾಶ. ಕನ್ನಡ ಪತ್ರದ ಮೂಲೆಯ ‘ಕ್ಷೇಮ’ ಅಲ್ಲಿ ಸರಕಾರಿ ನಮೂನೆಯೇ ಆಗಿತ್ತು.

ಎರಡನೆಯ ಜರಡಿ ಮನೆಯೊಳಗಿನದು. ಪತ್ರ ಬರುತ್ತಿದ್ದುದು ತಂದೆಯ ಹೆಸರಿಗೆ, ಓದುತ್ತಿದ್ದುದು ಜಗಲಿಯಲ್ಲಿ, ಹಿರಿಯರಿಗೆ ಅಕ್ಷರ ಬಾರದಿದ್ದರೆ ಓದುವವರು ಅಂಚೆಯಣ್ಣ ಅಥವಾ ಶಾಲೆಯ ಮಾಸ್ತರು. ಹೀಗಿರುವಾಗ ಹೆಂಡತಿಯ ಪಾಲಿಗೆ ಉಳಿಯುತ್ತಿದ್ದುದು ಕೊನೆಯ ಸಾಲಿನ ‘ಚಿ. ಸೌ.’ಗೆ ಆಶೀರ್ವಾದ. ಇದರ ಜತೆಗೆ ಹವ್ಯಕ ಕನ್ನಡ, ಕೊಂಕಣಿ, ಭಟ್ಕಳದ ನವಾಯತಿ ಎಂದು ಮನೆಮಾತುಗಳು ಬೇರೆಬೇರೆಯಾಗಿದ್ದು, ಜಗಲಿಯಲ್ಲಿ ಆಡುವ ಮಾತಿಗೂ ಹಾಳೆಯ ಮೇಲಿನ ಬರಹಕ್ಕೂ ಅಂತರವಿದ್ದೇ ಇತ್ತು. ಮೂರನೆಯದು ಬರೆಯುವವರ ಮನಸ್ಸೇ. ಅಡಕೆಗೆ ಕೊಳೆ ಬಂದು ಫಸಲು ಹೋದದ್ದು, ಅಪ್ಪಯ್ಯ ಹಾಸಿಗೆ ಹಿಡಿದದ್ದು, ಸಾಲದವರು ಬಾಗಿಲಿಗೆ ಬಂದದ್ದು ಇವೆಲ್ಲ ಮಗ ಗುಂಡಿನ ಎದುರು ಇರುವಾಗ ಬರೆಯುವ ಮಾತುಗಳಲ್ಲ. ಅವನೂ ಚಳಿ ಸ್ವಲ್ಪ ಹೆಚ್ಚು ಎಂದಷ್ಟೇ ಬರೆಯುವವನು. ಬದಲಿಗೆ ಗದ್ದೆಯ ನಾಟಿ ಮುಗಿದದ್ದು, ಆಕಳು ಕರು ಹಾಕಿದ್ದು, ಗೋಕರ್ಣದ ಶಿವರಾತ್ರಿ ತೇರು, ಊರಿಗೆ ಬಂದ ಯಕ್ಷಗಾನ ಮೇಳ ಇಂಥ ಸಂಗತಿಗಳು ಹಾಳೆ ತುಂಬುತ್ತಿದ್ದವು. 1950ರಲ್ಲಿ ಬಂದ ಅಗ್ಗದ ಇನ್‌ಲ್ಯಾಂಡ್ ಪತ್ರದೊಳಗೆ ಏನನ್ನೂ ಇಡಬಾರದೆಂಬ ನಿಯಮವಿದ್ದುದರಿಂದ, ಇಡಗುಂಜಿ ಗಣಪತಿಯ ಪ್ರಸಾದದ ಹೂವಿನ ಎಸಳು ಕಳಿಸಬೇಕೆನ್ನುವವರು ದುಬಾರಿಯ ಲಕೋಟೆಯನ್ನೇ ಕೊಳ್ಳಬೇಕಿತ್ತು.

ಈ ಮೂರೂ ಜರಡಿಗಳಿಗೆ ಸಿಕ್ಕದ ಬರಹವೆಂದರೆ ತಂತಿ. 2013ರ ಜುಲೈಯಲ್ಲಿ ನಿಂತುಹೋದ ಈ ಸೇವೆಯ ಸೈಕಲ್ ಗಂಟೆಗೆ ಸೈನಿಕರ ಮನೆಗಳು ಬೆಚ್ಚುತ್ತಿದ್ದುದು ಸಹಜವೇ, ಏಕೆಂದರೆ ಸಾವಿನ ಸುದ್ದಿ ಆ ದಾರಿಯಲ್ಲಿ ಬರುತ್ತಿತ್ತು. ತಂತಿ ಪತ್ರಕ್ಕಿಂತ ವೇಗದ್ದಾದ್ದರಿಂದ, ಸತ್ತವನ ಕೈಬರಹದ ‘ಕ್ಷೇಮ’ ಸೂತಕದ ಮನೆಗೆ ತಡವಾಗಿ ಬಂದು ಬೀಳುವುದು ಎಲ್ಲ ದೇಶಗಳ ಯುದ್ಧಗಳಲ್ಲೂ ನಡೆದಿದೆ. ಅದರ ಹಿಂದೆಯೇ ದಳದ ಮೇಲಧಿಕಾರಿ ಸ್ವತಃ ಬರೆದ ಸಾಂತ್ವನದ ಪತ್ರ ಬರುವುದು ಸೇನೆಯ ಸಂಪ್ರದಾಯ.

ಹಳೆಯ ಮನೆಗಳಲ್ಲಿ ಪತ್ರಗಳನ್ನು ಜಂತಿಗೆ ತೂಗುಬಿಟ್ಟ ಕೊಕ್ಕೆಯ ಸರಿಗೆಗೆ ಚುಚ್ಚಿಡುತ್ತಿದ್ದರು. ಮೊದಲು ಬಂದದ್ದು ಕೆಳಗೆ, ಕೊನೆಗೆ ಬಂದದ್ದು ಮೇಲೆ. ಕರಾವಳಿಯ ತೇವ, ಗೆದ್ದಲು, ಇಲ್ಲಣದಿಂದ ಉಳಿದುಕೊಂಡರೆ ಆ ಸರಿಗೆಯೇ ಒಂದು ದಫ್ತರ. ಅದರಿಂದ ಪತ್ರ ಕಳಚುವ ಮುನ್ನ ಅವು ಬಂದ ಕ್ರಮವನ್ನು ಗುರುತು ಹಾಕಿಕೊಳ್ಳುವುದು, ಲಕೋಟೆಗಳನ್ನು ಎಸೆಯದಿರುವುದು ಇತಿಹಾಸದ ದೃಷ್ಟಿಯಿಂದ ಅಗತ್ಯ. ಹಾಳೆಯ ಮೇಲಿನ ತಾರೀಖನ್ನು ಮೊಹರಿನ ತಾರೀಖಿನ ಪಕ್ಕದಲ್ಲಿಟ್ಟು ನೋಡಿದರೆ ಪತ್ರ ಎಲ್ಲಿ, ಎಷ್ಟು ದಿನ ತಡೆದು ನಿಂತಿತೆಂಬುದು ತಿಳಿಯುತ್ತದೆ. ಒಂದು ಪತ್ರಕ್ಕೂ ಮುಂದಿನದಕ್ಕೂ ನಡುವಿನ ವಾರಗಳನ್ನು ಎಣಿಸಿದರೆ ಯಾವ ದಿನಗಳಲ್ಲಿ ಬರೆಯಲು ಪುರುಸೊತ್ತೇ ಇರಲಿಲ್ಲವೆಂಬುದು ತಿಳಿಯುತ್ತದೆ. ಮೂಲೆಯ ‘ಕ್ಷೇಮ’ ಪ್ರತಿ ಹಾಳೆಯಲ್ಲೂ ಒಂದೇ. ಬದಲಾಗುತ್ತಿದ್ದುದು ಮೊಹರು, ಮತ್ತು ಮನೆಯವರು ಅಂಚೆಯಣ್ಣನ ಕೈಯಿಂದ ಪತ್ರ ತೆಗೆದುಕೊಂಡು ಒಡೆಯುವ ಮೊದಲು ತಿರುಗಿಸಿ ನೋಡುತ್ತಿದ್ದುದು ಅದನ್ನೇ.