ಗಾಳಿಯ ಮರೆಯ ನೀರು

ದೋಣಿ ಇಳಿಸುವ ಇಳಿಜಾರಿನಲ್ಲಿ ಇನ್ನೂ ಕತ್ತಲೆ. ಟ್ರೇಲರಿನ ಸರಪಳಿ ಕಳಚಿದ ಸದ್ದು, ಥರ್ಮಾಸಿನಿಂದೆದ್ದ ಕಾಫಿಯ ಘಮ, ಅದರ ಬೆನ್ನಿಗೇ ಕೆಸರು, ಉಪ್ಪುನೀರು, ಕೊಳೆತ ಎಲೆಗಳ ವಾಸನೆ. ಕುಂದಾಪುರದ ಅಳಿವೆಯ ದಂಡೆಯಲ್ಲಿ ಬೆಳೆದ ನನ್ನ ಮೂಗಿಗೆ ಈ ವಾಸನೆ ಪರವೂರಿನದು ಅನ್ನಿಸಲೇ ಇಲ್ಲ. ಪರವೂರಿನದು ಚಳಿ ಮಾತ್ರ. ಫ್ಲಾರಿಡಾ ಎಂದರೆ ಬಿಸಿಲು ಎಂದುಕೊಂಡು ಬಂದವರ ಕಿವಿಯ ತುದಿಯನ್ನು ಜನವರಿಯ ವಾಯುವ್ಯ ಗಾಳಿ ಕಚ್ಚುತ್ತದೆ. ನಿನ್ನೆ ಮಳೆ ಸುರಿಸಿದ ಶೀತಮಾರುತ ರಾತ್ರಿಯೇ ದಾಟಿಹೋಗಿದೆ. ಈಗ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಗಾಳಿಗೆ ಮಾತ್ರ ಬಿಡುವಿಲ್ಲ.

“ಮಾವ, ಇನ್ನೊಂದು ಕೋಟು ಹಾಕ್ಕೊಳ್ಳಿ. ದೋಣಿ ಓಡುವಾಗ ಚಳಿ ಎಲುಬಿಗೇ ಇಳಿತದೆ” ಎಂದ, ಒರ್ಲಾಂಡೊದಲ್ಲಿ ಕೆಲಸಕ್ಕಿರುವ ತಂಗಿಯ ಮಗ. ಅವನು ಹೇಳಿದ್ದು ಹತ್ತೇ ನಿಮಿಷದಲ್ಲಿ ನಿಜವಾಯಿತು.

ಇದು ಮಸ್ಕಿಟೊ ಲಗೂನ್, ಕೇಪ್ ಕೆನಾವೆರಲ್‌ನ ಉತ್ತರಕ್ಕೆ ಚಾಚಿಕೊಂಡ ಉಪ್ಪು ಹಿನ್ನೀರು. ಪೂರ್ವಕ್ಕೆ ಒಂದು ಮರಳಿನ ಪಟ್ಟಿ, ಅದರಾಚೆ ಅಟ್ಲಾಂಟಿಕ್. ಬೆಳಕು ಹರಿದಂತೆ ಕಾಂಡ್ಲಾ ಪೊದೆಗಳ ಪುಟ್ಟ ಕುದ್ರುಗಳು ಒಂದೊಂದಾಗಿ ಕಾಣಿಸಿಕೊಂಡವು. ದಕ್ಷಿಣದಲ್ಲಿ ದೂರಕ್ಕೆ ಚೌಕನೆಯ ಬೂದು ಗುಡ್ಡದಂಥದೊಂದು ಎದ್ದಿತ್ತು. ಅದು ಚಂದ್ರನಲ್ಲಿಗೆ ಹೋದ ರಾಕೆಟ್‌ಗಳನ್ನು ಜೋಡಿಸಿದ, 160 ಮೀಟರ್ ಎತ್ತರದ ಕಟ್ಟಡ. ಅದರ ನೆರಳಿನ ಊರಲ್ಲಿ ನೀರು ಸೊಂಟಕ್ಕೂ ಬಾರದಷ್ಟು ತೆಳು. ಸಮುದ್ರದ ಭರತ ಇಳಿತ ಇಲ್ಲಿಯವರೆಗೆ ಮುಟ್ಟುವುದೇ ಕಡಿಮೆ. ನೀರನ್ನು ಒಂದು ದಂಡೆಯಿಂದ ಇನ್ನೊಂದಕ್ಕೆ ತಳ್ಳುವುದು ಗಾಳಿಯೇ.

ದೋಣಿಯವನನ್ನು ಎಲ್ಲರೂ ‘ಕ್ಯಾಪ್ಟನ್’ ಎನ್ನುತ್ತಾರೆ. ಹಣ ಪಡೆದು ಜನರನ್ನು ಕೂರಿಸಿಕೊಳ್ಳಬೇಕಾದರೆ ಇಲ್ಲಿ ಕೋಸ್ಟ್ ಗಾರ್ಡ್ ಕೊಟ್ಟ ಪರವಾನಗಿ ಬೇಕು. ಮಾತು ಕಮ್ಮಿ, ಕೈ ಒರಟು, ಬೆರಳ ಸಂದಿಯಲ್ಲಿ ಉಪ್ಪಿನ ಬಿಳಿ ಗೆರೆ. ಎಂಜಿನ್ ಎತ್ತಿಟ್ಟು ಹಿಂದಿನ ಅಟ್ಟಣಿಗೆ ಹತ್ತಿ ಉದ್ದನೆಯ ಜಲ್ಲೆ ಹಿಡಿದು ನಿಂತ. ನಮ್ಮಲ್ಲಿ ಬಿದಿರಿನದು, ಅವನದು ಕಾರ್ಬನ್ ನಾರಿನದು, ಹತ್ತಿಪ್ಪತ್ತು ಅಡಿ ಇದ್ದರೂ ಕಬ್ಬಿನಷ್ಟು ಹಗುರ. ಊರಿ, ಮೈಭಾರ ಹಾಕಿ, ಕೈಮೇಲೆ ಕೈ ಸರಿಸಿ ಎತ್ತುವ ಲಯ ಮಾತ್ರ ಎರಡೂ ಕಡೆ ಒಂದೇ. ಸದ್ದು ಎಂದರೆ ಜಲ್ಲೆಯಿಂದ ತೊಟ್ಟಿಕ್ಕುವ ನೀರು, ದೋಣಿಯ ಹೊಟ್ಟೆಗೆ ತಟ್ಟುವ ಕಿರುತೆರೆ.

ಅವನ ಪಾಡು ಏನೆಂದು ನೋಡುತ್ತ ಹೋದಂತೆ ತಿಳಿಯಿತು. ಗಾಳ ಬೀಸಲು ಗಾಳಿ ಬೆನ್ನಿಗಿರಬೇಕು. ನೀರೊಳಗಿನ ಮೀನು ಕಾಣಲು ಸೂರ್ಯನೂ ಬೆನ್ನಿಗಿರಬೇಕು. ಚಳಿಗಾಲದ ಬೆಳಿಗ್ಗೆ ಗಾಳಿ ವಾಯುವ್ಯದಲ್ಲಿ, ಸೂರ್ಯ ಆಗ್ನೇಯದಲ್ಲಿ. ಒಂದು ಬೆನ್ನಿಗೆ ಬಂದರೆ ಇನ್ನೊಂದು ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಅವನು ಅವಸರ ಮಾಡಲಿಲ್ಲ. ಯಂತ್ರದ ಪರದೆ ನೀರಿನ ಬಿಸಿ 13 ಡಿಗ್ರಿ ಎಂದಿತು. ಕುದ್ರುವಿನ ಮರೆಗೆ ಸರಿದು, ಜಲ್ಲೆಯನ್ನು ಕೆಸರಿಗೆ ಚುಚ್ಚಿ ದೋಣಿ ಕಟ್ಟಿ, ಕಾಯ್ದ. ಬಿಸಿಲು ಏರಿದಂತೆ ಕಪ್ಪು ಕೆಸರಿನ ತಳ ಮೊದಲು ಕಾಯುತ್ತದೆ, ಮಂಕಾದ ಮೀನು ಅಲ್ಲಿಗೇ ಬರುತ್ತದೆ. ಕಾಯುವುದೂ ಹುಟ್ಟು ಹಾಕಿದಷ್ಟೇ ಕೆಲಸ ಎಂದು ಬಲ್ಲವನನ್ನು ನೋಡುವುದು ನನಗೆ ಬಹಳ ಹಿಡಿಸಿತು.

ಆ ಬಿಡುವಿನಲ್ಲಿ ಸಿಗಡಿ ಪೋಣಿಸುವುದನ್ನು ತೋರಿಸಿದ. ಬಾಲದ ಬೀಸಣಿಗೆಯನ್ನು ಉಗುರಿನಿಂದ ಚಿವುಟಿ ತೆಗೆದ; ಆ ಗಾಯದಿಂದ ವಾಸನೆ ನೀರಿಗೆ ಇಳಿಯಬೇಕಂತೆ. ಅಲ್ಲಿಂದ ಕೊಕ್ಕೆ ತೂರಿಸಿ, ಹೊಟ್ಟೆಯಲ್ಲಿ ಹೊರಳಿಸಿ, ಮೊನೆಯನ್ನು ಮತ್ತೆ ಮಾಂಸದೊಳಗೆ ಅಡಗಿಸಿದ, ಹುಲ್ಲಿಗೆ ಸಿಗದಂತೆ.

ಹುಲ್ಲು ಎಂದಾಗ ಅವನ ದನಿ ಬದಲಾಯಿತು. 2011ರಲ್ಲಿ ಈ ಹಿನ್ನೀರಿನಲ್ಲಿ ಪಾಚಿ ಉಕ್ಕಿ ಬೆಳಕು ಮುಚ್ಚಿತು, ಮತ್ತೆ ಮತ್ತೆ ಮರುಕಳಿಸಿತು. ತಳದ ಕಡಲಹುಲ್ಲು ಅರ್ಧಕ್ಕಿಂತ ಹೆಚ್ಚು ಸತ್ತಿತು. ಹುಲ್ಲು ಮೇಯುವ ಮ್ಯಾನಟಿಗಳು, ನಮ್ಮ ಕಡಲಹಸುವಿನ ಬಳಗದವು, ಉಪವಾಸ ಬಿದ್ದವು. 2021ರಲ್ಲಿ ರಾಜ್ಯದಲ್ಲಿ ಸಾವಿರದ ನೂರು ಸತ್ತವು. ನಾವು ಹುಡುಕಿ ಬಂದ ರೆಡ್‌ಫಿಶ್ ಮೀನನ್ನು ಇಲ್ಲಿ ಹಿಡಿದರೆ ಬಿಟ್ಟುಬಿಡಬೇಕೆಂಬ ನಿಯಮ 2022ರ ಸೆಪ್ಟೆಂಬರಿನಲ್ಲಿ ಬಂತು. ಮನೆಗೆ ಒಂದನ್ನೂ ಒಯ್ಯುವಂತಿರಲಿಲ್ಲ.

“ಹನ್ನೊಂದು ಗಂಟೆ, ನಲವತ್ತು ಅಡಿ!” ಪಿಸುಮಾತು. ದೋಣಿಯ ಮೂತಿ ಹನ್ನೆರಡು ಗಂಟೆ. ಅದರ ಎಡಕ್ಕೆ ತುಸು ವಾಲಿ ನೋಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕೆಸರಿನ ಒಂದು ತುಣುಕು ಗಾಳಿಗೆ ವಿರುದ್ಧವಾಗಿ ಸರಿಯುತ್ತದೆ, ಅದಕ್ಕೆ ತಾಮ್ರದ ಬಣ್ಣ ಬರುತ್ತದೆ, ಬಾಲದ ಬುಡದಲ್ಲಿ ಇನ್ನೊಂದು ಕಣ್ಣಿನಂಥ ಕಪ್ಪು ಬೊಟ್ಟು. ಅಳಿಯ ಕೋಲನ್ನು ತಲೆಯ ಮೇಲೆತ್ತದೆ ಪಕ್ಕದಿಂದ ತಗ್ಗಾಗಿ ಬೀಸಿ, ತುದಿಯನ್ನು ನೀರಿಗೆ ಬಗ್ಗಿಸಿದ, ದಾರ ಗಾಳಿಗೆ ಬಿಲ್ಲಾಗದಂತೆ. ಒಂದು ಉಸಿರು, ಎರಡು. ರೀಲು ಕಿರುಚಿತು.

ಮೇಲೆ ಬಂದದ್ದು ಮೊಳಕ್ಕಿಂತ ತುಸು ದೊಡ್ಡದು. ಕ್ಯಾಪ್ಟನ್ ಮೊದಲು ಕೈಯನ್ನು ನೀರಿಗೆ ಅದ್ದಿಕೊಂಡು, ಆಮೇಲೆ ಅದನ್ನು ಹೊಟ್ಟೆಯಡಿ ಅಡ್ಡ ಹಿಡಿದ. ಅಂಗೈಯೊಳಗೆ ಅದು ಗೊರ್ ಗೊರ್ ಎಂದು ಡೋಲಿನಂತೆ ಮಿಡಿಯಿತು. ನಮ್ಮ ಕರಾವಳಿಯ ಕೊಡ್ಡಾಯಿಯದೂ ಇದೇ ವಂಶ, ಅದೂ ಹೀಗೇ ಗೊರಗುಟ್ಟುತ್ತದೆ. ಮೀನನ್ನು ನೀರಿಗೆ ಬಿಟ್ಟು ಬಾಲದ ಬುಡ ಹಿಡಿದುಕೊಂಡೇ ಕಾದ. ತಾನಾಗಿ ಒದ್ದಾಗ ಬೆರಳು ಸಡಿಲಿಸಿದ.

ಮಧ್ಯಾಹ್ನ ನೀರು 16 ಡಿಗ್ರಿ ಮುಟ್ಟಿತ್ತು. ಹೊರಡುವ ಹೊತ್ತು. ನಮ್ಮಿಬ್ಬರ ಹಲ್ಲು ಕಟಕಟ ಎನ್ನುತ್ತಿತ್ತು, ಗಾಳಿ ಈಗ ಮುಖಕ್ಕೇ. ಆದರೆ ದೋಣಿಯಡಿ ಬಾಚಣಿಗೆಯಿಂದ ಬಾಚಿದಂತೆ ಹಸಿರು ಎಳೆಗಳು ಒಲೆದಾಡುತ್ತಿದ್ದವು, ಈಚೆಗೆ ಚಿಗುರಿದ ಹುಲ್ಲು. ಕ್ಯಾಪ್ಟನ್ ಮತ್ತೆ ಅಟ್ಟಣಿಗೆ ಹತ್ತಿದ. ಗಾಳಿಗೆದುರಾಗಿ ಜಲ್ಲೆ ಊರಿ, ಎತ್ತಿ, ಊರಿ ದೋಣಿಯನ್ನು ಆ ಹಸಿರಿನ ಅಂಚು ಸುತ್ತಿ ತಳ್ಳಿದ. ತಳ ಪೂರ್ತಿ ಮರಳಾಗುವವರೆಗೂ ಎಂಜಿನ್ ಕೆಳಗಿಳಿಯಲಿಲ್ಲ.