ವಯಸ್ಸಾದವರ ತಟ್ಟೆ: ನಂಬಿಕೆ ಎಷ್ಟು, ನಿಜ ಎಷ್ಟು?

‘ವಯಸ್ಸಾದವರಿಗೆ ಗಂಜಿ ಸಾಕು’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಬಲು ಗೌರವ. ನುಂಗಲು ಸಲೀಸು, ಹೊಟ್ಟೆಗೆ ಹಗುರ, ಒಪ್ಪೋಣ. ಆದರೆ ಅದರಲ್ಲಿರುವುದು ಬಹುಪಾಲು ನೀರು ಮತ್ತು ಪಿಷ್ಟ. ಓಡಾಟ ಕಡಿಮೆಯಾದಂತೆ ಬೇಕಾಗುವ ಕ್ಯಾಲೊರಿ ಇಳಿಯುತ್ತದೆ. ಪ್ರೋಟೀನಿನ ಅಗತ್ಯ ಇಳಿಯುವುದಿಲ್ಲ, ತುಸು ಏರುತ್ತದೆ. ಮೂತ್ರಪಿಂಡದ ಕಾಯಿಲೆ ಇಲ್ಲದ ಹಿರಿಯರಿಗೆ ದಿನಕ್ಕೆ, ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು ಎನ್ನುತ್ತಾರೆ ತಜ್ಞರು. 55 ಕಿಲೋ ತೂಗುವ ಅಜ್ಜಿಗೆ ಕಡಿಮೆಯೆಂದರೂ 55 ಗ್ರಾಂ. ಒಂದು ಲೋಟ ಹಾಲಿನಲ್ಲಿ ಸಿಗುವುದು ಆರೇಳು ಗ್ರಾಂ, ಮೊಟ್ಟೆಯಲ್ಲಿ ಆರು. ತಿಳಿಸಾರನ್ನು ಲೆಕ್ಕಕ್ಕೇ ಹಿಡಿಯಬೇಡಿ: ಬೇಳೆ ಪಾತ್ರೆಯ ತಳದಲ್ಲಿ, ಅಜ್ಜಿಯ ಅನ್ನದ ಮೇಲೆ ಬರೀ ನೀರು. ಈ ಕೊರತೆ ಮೊದಲು ಗೊತ್ತಾಗುವುದು ತೊಡೆಯಲ್ಲಿ. ಕುರ್ಚಿಯಿಂದ ಏಳಲು ಕೈ ಊರಬೇಕಾಗುತ್ತದೆ.

ಹಾಗಾದರೆ ಪ್ರೋಟೀನ್ ಪುಡಿ ಕಲಸಿ ಕೊಟ್ಟರೆ ಮುಗಿಯಿತೇ? ಊಟದ ಜಾಗಕ್ಕೆ ಅದು ಬಂದರೆ ಲಾಭವಿಲ್ಲ. ಊಟಕ್ಕೆ ಮುಂಚೆ ಲೋಟ ತುಂಬ ಕುಡಿಸಿದರೆ ಇದ್ದ ಹಸಿವೂ ಸಾಯುತ್ತದೆ. ಎರಡು ಊಟಗಳ ನಡುವೆ ಕೊಡಿ. ಡಬ್ಬಿಯ ಹಿಂಬದಿಯನ್ನೂ ಓದಿ. ‘ಹೆಲ್ತ್ ಡ್ರಿಂಕ್’ ಎಂದು ಮಾರುವ ಎಷ್ಟೋ ಪುಡಿಗಳಲ್ಲಿ ಪ್ರೋಟೀನಿಗಿಂತ ಸಕ್ಕರೆಯೇ ಹೆಚ್ಚು.

‘ಏನು ಮಾಡಿ ಬಡಿಸಿದರೂ ಸಪ್ಪೆ ಅಂತಾರೆ, ಬರೀ ಹಠ.’ ಹಠವಲ್ಲ. ವಯಸ್ಸಿಗೆ ಮೂಗು ಮಂದವಾಗುತ್ತದೆ, ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಉಪ್ಪು ಸುರಿಯುವ ಬದಲು ನಿಂಬೆರಸ ಹಿಂಡಿ, ಇಂಗು-ಜೀರಿಗೆಯ ಒಗ್ಗರಣೆ ಹಾಕಿ ನೋಡಿ. ಮುದ್ದೆ ತಿಂದು ಬೆಳೆದವರಿಗೆ ಓಟ್ಸ್ ಹಿಡಿಸದಿದ್ದರೆ ಮುದ್ದೆಯನ್ನೇ ಕೊಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ. ನುಂಗುವ ತೊಂದರೆಯಿಲ್ಲದಿದ್ದರೆ, ಹಲ್ಲು ಹೋದ ಬಾಯಿಗೂ ಅದು ಹೇಳಿ ಮಾಡಿಸಿದ್ದು.

‘ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತೆ ಬಿಡಿ’ ಎನ್ನುವವರು ಎ ಮತ್ತು ಡಿಯನ್ನು ಮರೆತಿರುತ್ತಾರೆ. ಅವು ದೇಹದಲ್ಲೇ ಶೇಖರವಾಗುತ್ತವೆ. ವಾರಕ್ಕೊಮ್ಮೆ ಎಂದು ಬರೆದುಕೊಟ್ಟ 60,000 ಯೂನಿಟ್‌ನ ಡಿ ಪುಡಿಯನ್ನು ದಿನಾ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗೊಂದಲ ಶುರುವಾಗಬಹುದು. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ. ಅಮೆರಿಕದಿಂದ ಮಗ ತಂದುಕೊಟ್ಟ ಮಲ್ಟಿವಿಟಮಿನ್ ಡಬ್ಬಿಯನ್ನೂ ಡಾಕ್ಟರಿಗೆ ತೋರಿಸಿ.

‘ಒಳ್ಳೆಯ ಊಟವಿದ್ದರೆ ಮಾತ್ರೆ ಯಾಕೆ?’ ಎಂಬ ಮಾತು ಬಿ12 ವಿಷಯದಲ್ಲಿ ಸೋಲುತ್ತದೆ. ಸಸ್ಯಾಹಾರಿಗಳಿಗೆ ಅದು ಸಿಗುವುದು ಮುಖ್ಯವಾಗಿ ಹಾಲು-ಮೊಸರಿನಿಂದ. ಜಠರದ ಆಮ್ಲ ಕಡಿಮೆಯಾದವರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಅದನ್ನೂ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಪಾದ ಜೋಮು ಹಿಡಿದರೆ, ಮರೆವು ಹೆಚ್ಚಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವ ಮುನ್ನ ರಕ್ತ ಪರೀಕ್ಷೆ ಮಾಡಿಸಿ. ಕೊರತೆಯಿದ್ದರೆ ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು.