ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್: ಕಾಲೇಜು ಏನು ಕೇಳುತ್ತದೆ, ಏಕೆ ಕೇಳುತ್ತದೆ

ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ ಹುಟ್ಟುವ ಭದ್ರೆ, ಮಳೆ ಜೋರು ಹಿಡಿದ ದಿನಗಳಲ್ಲಿ ಕಳಸದ ಹತ್ತಿರದ ಹೆಬ್ಬಾಳೆ ಸೇತುವೆಯನ್ನು ಮುಳುಗಿಸಿ ಹರಿಯುತ್ತಾಳೆ. ಈಚೆ ಕಳಸ, ಆಚೆ ಹೊರನಾಡಿನ ದಾರಿ. ಆ ಹೊತ್ತಿಗೆ ದಡದಲ್ಲಿ ನಿಂತವರು ನೀರು ಎಷ್ಟಿದೆ ಎಂದು ಕೇಳುವುದಿಲ್ಲ, ಅದು ಕಣ್ಣಿಗೇ ಕಾಣುತ್ತದೆ. ಕೇಳುವುದು ಬೇರೆ: ‘ನೀರು ಏರ್ತಾ ಇದ್ಯಾ, ಇಳೀತಾ ಇದ್ಯಾ? ಏರೋದಾದ್ರೆ ಎಷ್ಟು ಜೋರು?’ ಮಟ್ಟ ಒಂದು ಸಂಖ್ಯೆ, ಮಟ್ಟ ಬದಲಾಗುವ ವೇಗ ಇನ್ನೊಂದು ಸಂಖ್ಯೆ. ಆ ಎರಡನೆಯದನ್ನು ಹಿಡಿಯುವ ಲೆಕ್ಕವೇ ಅವಕಲನ. ವೇಗ ಗೊತ್ತಿದ್ದಾಗ ಒಟ್ಟು ಎಷ್ಟಾಯಿತು ಎಂದು ಕೂಡಿಸಿ ತೆಗೆಯುವುದು ಅನುಕಲನ. ಎರಡೂ ಸೇರಿದರೆ ಕಲನಶಾಸ್ತ್ರ, ಹುಡುಗರ ಬಾಯಲ್ಲಿ ಕ್ಯಾಲ್ಕುಲಸ್.

ಇದೇ ನೀರು ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಭದ್ರಾ ಜಲಾಶಯ ಸೇರುತ್ತದೆ. ಅದರ ಗರಿಷ್ಠ ಮಟ್ಟ 186 ಅಡಿ, ಸಾಮರ್ಥ್ಯ 71.535 ಟಿಎಂಸಿ. ಮಳೆಗಾಲದಲ್ಲಿ ಪತ್ರಿಕೆಗಳು ಅಚ್ಚು ಹಾಕುವ ಜಲಾಶಯಗಳ ಪಟ್ಟಿಯಲ್ಲಿ ಒಳಹರಿವು, ಹೊರಹರಿವು ಕ್ಯುಸೆಕ್ ಲೆಕ್ಕದಲ್ಲಿರುತ್ತವೆ, ಸಂಗ್ರಹ ಟಿಎಂಸಿ ಲೆಕ್ಕದಲ್ಲಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಳಹರಿವು 20,000 ಕ್ಯುಸೆಕ್, ಹೊರಹರಿವು 2,000 ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 18,000 ಘನ ಅಡಿ ಉಳಿಯುತ್ತದೆ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ಸುಮಾರು 155 ಕೋಟಿ ಘನ ಅಡಿ, ಅಂದರೆ ಒಂದೂವರೆ ಟಿಎಂಸಿಗೆ ತುಸು ಮೇಲೆ. ಹರಿವು ಇಡೀ ದಿನ ಒಂದೇ ಸಮ ಇದ್ದರೆ ಈ ಗುಣಾಕಾರ ಸಾಕು, ಇದಕ್ಕಾಗಿ ಯಾರೂ ಕಾಲೇಜಿಗೆ ಹೋಗಬೇಕಿಲ್ಲ. ಆದರೆ ರಾತ್ರಿ ಘಟ್ಟದ ಮೇಲೆ ಮಳೆ ಹೊಯ್ದರೆ ಬೆಳಗಿನ ಹರಿವೇ ಬೇರೆ. ಗಳಿಗೆಗೊಮ್ಮೆ ಬದಲಾಗುವುದನ್ನು ಕೂಡಿಸಬೇಕಾದಾಗ ಅನುಕಲನವಿಲ್ಲದೆ ಗತಿಯಿಲ್ಲ. ಇನ್ನೂ ಒಂದು ವಿಷಯ ಗಮನಿಸಿ. ಅಷ್ಟೇ ಒಳಹರಿವಿಗೆ ಜಲಾಶಯ ಖಾಲಿ ಇರುವಾಗ ಮಟ್ಟ ಬೇಗ ಏರುತ್ತದೆ, ತುಂಬುತ್ತ ಬಂದಂತೆ ನಿಧಾನವಾಗುತ್ತದೆ, ಏಕೆಂದರೆ ಮೇಲೆ ಹೋದಷ್ಟೂ ನೀರಿನ ಹರವು ದೊಡ್ಡದು. ದ್ವಿತೀಯ ಪಿಯುಸಿಯಲ್ಲಿ ಶಂಕುವಿನ ಲೆಕ್ಕ ಎಂದು ಉರು ಹೊಡೆದದ್ದು ಇದನ್ನೇ.

ವಿಷಯ ಇಷ್ಟು ಹತ್ತಿರದ್ದು. ಆದರೂ ಬಿ.ಎಸ್ಸಿ. ಅಥವಾ ಎಂಜಿನಿಯರಿಂಗಿನ ಮೊದಲ ಸೆಮಿಸ್ಟರಿನಲ್ಲಿ ಮಲೆನಾಡಿನ ಎಷ್ಟೋ ಮಕ್ಕಳು ಎಡವುವುದು ಇದರಲ್ಲೇ. ಬುದ್ಧಿ ಸಾಲದೆ ಎಡವುವವರು ಕಡಿಮೆ. ಒಂದು ಪಾಠಕ್ಕೂ ಮುಂದಿನದಕ್ಕೂ ನಡುವಿನ ಕೊಂಡಿ ತಪ್ಪಿ ಎಡವುವವರೇ ಹೆಚ್ಚು. ಕಾಲೇಜಿನ ನಿಯಮಗಳನ್ನು ಈ ಕೊಂಡಿಯ ಕಣ್ಣಿನಿಂದ ನೋಡಿದರೆ ಅವುಗಳ ಅರ್ಥ ತಿಳಿಯುತ್ತದೆ.

ಚಿಕ್ಕಮಗಳೂರಿನ ಐಡಿಎಸ್‌ಜಿ ಸರ್ಕಾರಿ ಕಾಲೇಜು, ಮೂಡಿಗೆರೆಯ ಡಿ.ಎಸ್. ಬಿಳಿಗೌಡ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಶೃಂಗೇರಿಯ ಜೆಸಿಬಿಎಂ ಕಾಲೇಜು ಇವೆಲ್ಲ 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯವು. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು ಬೆಳಗಾವಿಯ ವಿಟಿಯುಗೆ ಸೇರಿದ್ದು. ಪದವಿ ತರಗತಿಯಲ್ಲಿ ಪರೀಕ್ಷೆಗೆ ಕೂರಲು 75% ಹಾಜರಿ ಬೇಕು. ವಿಟಿಯುನಲ್ಲಿ 85%. ಇದಕ್ಕೆ ಕಡಿಮೆ ಬಿದ್ದರೆ ಹುಡುಗರ ಬಾಯಲ್ಲಿ ‘ಶಾರ್ಟೇಜ್’, ಆ ಒಂದು ಮಾತಿಗೇ ಭಯಪಡುತ್ತಾರೆ.

ಲೆಕ್ಕ ಹಾಕಿ ನೋಡೋಣ. 2021-22ರಲ್ಲಿ ರಾಜ್ಯಕ್ಕೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿ ಪಠ್ಯಕ್ರಮದಲ್ಲಿ ಗಣಿತದ ಮೊದಲ ಪತ್ರಿಕೆ ಬೀಜಗಣಿತ ಮತ್ತು ಕಲನಶಾಸ್ತ್ರ ಎರಡನ್ನೂ ಸೇರಿಸಿತ್ತು. ವಾರಕ್ಕೆ 4 ಗಂಟೆಯಂತೆ ಒಟ್ಟು 56 ಗಂಟೆ ಪಾಠ ಇತ್ತು. ಅದರ 75% ಎಂದರೆ 42. ಹದಿನಾಲ್ಕು ತರಗತಿ ತಪ್ಪಿಸಿದರೂ ಹಾಲ್ ಟಿಕೆಟ್ ಸಿಗುತ್ತಿತ್ತು. ಇತಿಹಾಸದಲ್ಲಿ ಹದಿನಾಲ್ಕು ತರಗತಿಯನ್ನು ಪುಸ್ತಕ ಓದಿ ತುಂಬಿಕೊಳ್ಳಬಹುದೇನೋ. ಕ್ಯಾಲ್ಕುಲಸ್‌ನಲ್ಲಿ ಬೇಕಾದ ಕಡೆ ನಾಲ್ಕು ತಪ್ಪಿದರೂ ಸಾಕು, ಮುಂದಿನದು ಕೈಗೆ ಸಿಗದು. ಮಿತಿ ತಿಳಿಯದೆ ಅವಿಚ್ಛಿನ್ನತೆ ತಿಳಿಯದು, ಅದಿಲ್ಲದೆ ಅವಕಲನದ ಪ್ರಮೇಯಗಳು ಬರೀ ಅಕ್ಷರ. ನಿಯಮ ಎಲ್ಲ ವಿಷಯಕ್ಕೂ ಒಂದೇ ಅಂಕಿ ಇಟ್ಟಿದೆ, ವಿಷಯಗಳು ಮಾತ್ರ ಒಂದೇ ಥರ ಇಲ್ಲ. ಆದ್ದರಿಂದ 75% ಎನ್ನುವುದನ್ನು ಗಣಿತದ ವಿದ್ಯಾರ್ಥಿ ಗುರಿ ಎಂದುಕೊಳ್ಳಬಾರದು. ಅದು ಪರೀಕ್ಷಾ ವಿಭಾಗದ ಗೆರೆ ಮಾತ್ರ.

ನಮ್ಮ ಕಡೆಯ ತೊಂದರೆ ಬೇರೆಯೇ ಇದೆ. ಜುಲೈ, ಆಗಸ್ಟಿನಲ್ಲಿ ಜಿಲ್ಲಾಧಿಕಾರಿಗಳು ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ತಾಲ್ಲೂಕುಗಳಿಗೆ ಮಳೆ ರಜೆ ಕೊಡುತ್ತಾರೆ. ಎಷ್ಟೋ ಸಲ ಆ ಆದೇಶ ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆಗಳಿಗೆ ಮುಗಿಯುತ್ತದೆ, ಪದವಿ ಕಾಲೇಜು ಅದರಲ್ಲಿ ಇರುವುದಿಲ್ಲ. ತಮ್ಮ ಮನೆಯಲ್ಲಿ, ಅಕ್ಕ ಕಾಲೇಜಿಗೆ. ರಜೆ ಘೋಷಣೆಯಾದರೆ ತರಗತಿಯೇ ನಡೆದಿಲ್ಲ, ಹಾಜರಿ ಕಡಿಯುವುದಿಲ್ಲ. ಘೋಷಣೆಯಾಗದೆ ಸೇತುವೆ ಮುಳುಗಿದರೆ, ಗುಡ್ಡ ಜರಿದು ಬಸ್ಸು ನಿಂತರೆ, ಅದು ನಿಮ್ಮ ಗೈರುಹಾಜರಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳ ಗುಡ್ಡವೇ ಕುಸಿದಾಗ ಹಾಜರಿ ಪುಸ್ತಕ ಯಾರ ನೆನಪಿಗೂ ಬಂದಿರಲಾರದು, ಆದರೆ ಪ್ರತಿ ವರ್ಷದ ಸಣ್ಣಪುಟ್ಟ ತಡೆಗಳು ಸೆಮಿಸ್ಟರಿನ ಕೊನೆಗೆ ಪಟ್ಟಿಯಲ್ಲಿ ಬಂದು ಕೂರುತ್ತವೆ. ಮಳೆ ಮುಗಿಯಿತು ಎನ್ನುವಷ್ಟರಲ್ಲಿ ನವೆಂಬರ್‌ನಿಂದ ಕಾಫಿ ಹಣ್ಣು ಕುಯ್ಲು. ಸಣ್ಣ ಹಿಡುವಳಿದಾರರ ಮನೆಯಲ್ಲೂ ಎಸ್ಟೇಟಿನ ಲೈನ್ ಮನೆಗಳಲ್ಲೂ ಆಗ ಎಲ್ಲರ ಕೈಯೂ ಬೇಕು. ಇಂಥ ದಿನದ ಗೈರುಹಾಜರಿಗೆ ಕಾರಣವನ್ನು ಅಂದೇ ಬರೆದು ವಿಭಾಗಕ್ಕೆ ಕೊಡಿ. ಸೆಮಿಸ್ಟರ್ ಕೊನೆಯಲ್ಲಿ ಕೊಡುವ ಅರ್ಜಿಗೆ ಬೆಲೆ ಕಡಿಮೆ.

ಅಂಕದ ಹಂಚಿಕೆ ಈಚೆಗೆ ಹಲವು ಸಲ ಬದಲಾಗಿದೆ. ಎನ್‌ಇಪಿಯಲ್ಲಿ 40 ಅಂಕ ಆಂತರಿಕ ಮೌಲ್ಯಮಾಪನಕ್ಕೆ, 60 ಕೊನೆಯ ಪರೀಕ್ಷೆಗೆ ಇತ್ತು. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿ, ಹಂಚಿಕೆಯನ್ನು 20 ಮತ್ತು 80 ಮಾಡಿತು. ವಿಟಿಯುನ 2022ರ ಸ್ಕೀಮಿನಲ್ಲಿ 50-50, ಆಂತರಿಕದಲ್ಲಿ 50ಕ್ಕೆ 20 ಬಾರದಿದ್ದರೆ ಕೊನೆಯ ಪರೀಕ್ಷೆಗೇ ಅವಕಾಶವಿಲ್ಲ. ಆಂತರಿಕ ಅಂಕ ದಾನದಂತೆ ಹಂಚಿಹೋಗುತ್ತದೆ ಎಂಬ ದೂರು ಸುಳ್ಳಲ್ಲ. ಆದರೂ ಕ್ಯಾಲ್ಕುಲಸ್‌ನ ಮಟ್ಟಿಗೆ 20ಕ್ಕೆ ಇಳಿಸಿದ್ದು ನನಗೆ ಸರಿ ಕಾಣುವುದಿಲ್ಲ. ಕೊನೆಯ ಪರೀಕ್ಷೆಗೇ 80 ಅಂಕ ಎಂದಾಗ ವಿದ್ಯಾರ್ಥಿ ಕೊನೆಯ ತಿಂಗಳಿಗೇ ಓದು ಇಟ್ಟುಕೊಳ್ಳುತ್ತಾನೆ, ಈ ವಿಷಯವೋ ವಾರವಾರವೂ ಕೈ ಬೇಡುವಂಥದ್ದು.

ಕಾಲೇಜು ಬರೆದು ಹೇಳದ, ಆದರೆ ಪ್ರತಿ ಲೆಕ್ಚರರೂ ಮನಸ್ಸಿನಲ್ಲಿ ಇಟ್ಟುಕೊಂಡಿರುವ ನಿರೀಕ್ಷೆ ಒಂದಿದೆ: ಹೈಸ್ಕೂಲಿನ ಬೀಜಗಣಿತ ಗಟ್ಟಿಯಾಗಿರಬೇಕು. ಕ್ಯಾಲ್ಕುಲಸ್ ಉತ್ತರ ಪತ್ರಿಕೆಯ ತಪ್ಪುಗಳಲ್ಲಿ ಬಹುಪಾಲು ಕ್ಯಾಲ್ಕುಲಸ್‌ನ ತಪ್ಪುಗಳೇ ಅಲ್ಲ. ಒಂದು ಉದಾಹರಣೆ ಸಾಕು. ಎಕ್ಸ್ ವರ್ಗದ ಅವಕಲನ ಕಂಡುಹಿಡಿಯಬೇಕು. ಎಕ್ಸ್‌ಗೆ ಹೆಚ್ ಎಂಬ ಸಣ್ಣ ಮೊತ್ತ ಸೇರಿಸಿ ವರ್ಗ ಮಾಡಬೇಕು, ಅದರಿಂದ ಎಕ್ಸ್ ವರ್ಗ ಕಳೆಯಬೇಕು, ಹೆಚ್‌ನಿಂದ ಭಾಗಿಸಬೇಕು. ಸರಿಯಾಗಿ ಮಾಡಿದರೆ ಎರಡು ಎಕ್ಸ್ ಮತ್ತು ಒಂದು ಹೆಚ್ ಉಳಿಯುತ್ತದೆ. ಹೆಚ್ ಸೊನ್ನೆಯತ್ತ ಹೋದಾಗ ಉತ್ತರ ಎರಡು ಎಕ್ಸ್. ಆದರೆ ವರ್ಗ ಬಿಡಿಸುವಾಗ ನಡುವಿನ ಪದ ಮರೆತು, ಎಕ್ಸ್ ವರ್ಗ ಮತ್ತು ಹೆಚ್ ವರ್ಗ ಎಂದಷ್ಟೇ ಬರೆದವರಿಗೆ ಉಳಿಯುವುದು ಬರೀ ಹೆಚ್, ಅದು ಸೊನ್ನೆಯತ್ತ ಹೋದರೆ ಉತ್ತರವೂ ಸೊನ್ನೆ. ಬದಲಾಗುತ್ತಿರುವುದು ಬದಲಾಗುತ್ತಲೇ ಇಲ್ಲ ಎಂದು ಸಾಧಿಸಿದಂತಾಯಿತು! ಮಿತಿಯ ಪಾಠ ಚೆನ್ನಾಗಿಯೇ ಗೊತ್ತಿದ್ದ ಹುಡುಗಿಯ ಅಂಕವನ್ನು ಒಂಬತ್ತನೇ ತರಗತಿಯ ಸೂತ್ರ ತಿಂದುಹಾಕುತ್ತದೆ. ಕಾಲೇಜು ಶುರುವಾಗುವ ಮುಂಚಿನ ಬಿಡುವಿನಲ್ಲಿ ಭಿನ್ನರಾಶಿ, ಘಾತಾಂಕ, ತ್ರಿಕೋನಮಿತಿಯ ಸೂತ್ರಗಳನ್ನು ಪೆನ್ನು ಹಿಡಿದು ತಿದ್ದಿಕೊಳ್ಳುವುದು ಯಾವ ಕೋಚಿಂಗಿಗಿಂತಲೂ ಮೇಲು.

ಇನ್ನೊಂದು ಕಡೆ ನಿಮ್ಮನ್ನು ನೀವು ಕ್ಷಮಿಸಿಕೊಳ್ಳಿ. ಎಪ್ಸಿಲಾನ್, ಡೆಲ್ಟಾ ಹಿಡಿದು ಮಿತಿಯನ್ನು ವಿವರಿಸುವ ಭಾಗ ಒಂದು ವಾರದಲ್ಲಿ ತಲೆಗೆ ಹತ್ತದಿದ್ದರೆ ಅದು ಅವಮಾನವಲ್ಲ. ಜರ್ಮನಿಯ ಲೈಬ್ನಿಜ್ ಅವಕಲನದ ಮೊದಲ ಲೇಖನ ಅಚ್ಚು ಮಾಡಿದ್ದು 1684ರಲ್ಲಿ. ಫ್ರಾನ್ಸಿನ ಕೋಶಿ ಮಿತಿಯ ಮೇಲೆ ಈ ಶಾಸ್ತ್ರವನ್ನು ಗಟ್ಟಿಯಾಗಿ ಕಟ್ಟಿಕೊಟ್ಟದ್ದು 1821ರಲ್ಲಿ. ನಡುವಿನ 137 ವರ್ಷ ದೊಡ್ಡ ದೊಡ್ಡ ತಲೆಗಳೇ ತಡಕಾಡಿವೆ. ನಮ್ಮಲ್ಲೂ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಗ್ರಹಗಳ ತಾತ್ಕಾಲಿಕ ಗತಿಯನ್ನು, ಅಂದರೆ ಆ ಕ್ಷಣದ ವೇಗವನ್ನು ಲೆಕ್ಕ ಹಾಕಿದ್ದರು. ಮುಂದೆ ಕೇರಳದ ಮಾಧವನ ಶಿಷ್ಯಪರಂಪರೆ ಅನಂತ ಶ್ರೇಣಿಗಳವರೆಗೆ ಹೋಯಿತು. ಹೆಮ್ಮೆಪಡಿ, ಆದರೆ ಹೆಮ್ಮೆಗೆ ಪರೀಕ್ಷೆಯಲ್ಲಿ ಅಂಕವಿಲ್ಲ.

ಅಸೈನ್‌ಮೆಂಟಿನ ವಿಷಯ. ಹಾಸ್ಟೆಲಿನಲ್ಲಿ ಒಬ್ಬರ ಪುಸ್ತಕ ಹತ್ತು ಕೋಣೆ ಸುತ್ತಿ ಬರುವುದು ಹಳೆಯ ಕತೆ, ಈಗ ಫೋನಿಗೆ ಲೆಕ್ಕದ ಫೋಟೊ ತೋರಿಸಿದರೆ ಹಂತಹಂತವಾಗಿ ಉತ್ತರ ಇಳಿಯುತ್ತದೆ. ಇದನ್ನು ನಿಷೇಧಿಸಿ ತಡೆಯಲಾಗದು. ಒಳ್ಳೆಯ ಲೆಕ್ಚರರ್ ಮಾಡುವುದು ಸರಳ: ಅಸೈನ್‌ಮೆಂಟ್ ತೆಗೆದುಕೊಳ್ಳುವಾಗ ಬೋರ್ಡಿಗೆ ಕರೆದು ಅದರಲ್ಲಿನ ಒಂದು ಲೆಕ್ಕವನ್ನು ಅಂಕಿ ಬದಲಿಸಿ ಕೊಡುತ್ತಾರೆ. ಲ್ಯಾಬಿನಲ್ಲೂ ಇದೇ ಮಾತು. ಮ್ಯಾಕ್ಸಿಮಾ, ಸೈಲ್ಯಾಬ್, ಪೈಥಾನ್ ಉಚಿತವಾಗಿ ಸಿಗುವ ತಂತ್ರಾಂಶಗಳು, ವಕ್ರರೇಖೆಯನ್ನು ಕ್ಷಣದಲ್ಲಿ ಬಿಡಿಸಿ ತೋರಿಸುತ್ತವೆ. ಆದರೆ ಗೆರೆ ಎಲ್ಲಿ ಏರಬೇಕಿತ್ತು ಎಂದು ಮೊದಲು ಕಾಗದದ ಮೇಲೆ ಊಹಿಸಿದವರಿಗೆ ಮಾತ್ರ ಆ ಚಿತ್ರ ಏನಾದರೂ ಕಲಿಸುತ್ತದೆ. ಮಳೆಗೆ ತಪ್ಪಿದ ಪಾಠಕ್ಕೆ ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಉಪನ್ಯಾಸಗಳಿವೆ. ಕರೆಂಟು, ನೆಟ್‌ವರ್ಕ್ ಇರುವ ದಿನವೇ ಇಳಿಸಿಟ್ಟುಕೊಳ್ಳುವುದು ಘಟ್ಟದವರಿಗೆ ಹೇಳಿಕೊಡಬೇಕಾದ ಬುದ್ಧಿಯಲ್ಲ.

ಉಪನ್ಯಾಸಕರಲ್ಲೂ ಒಂದು ಕೋರಿಕೆ. ಅಮೆರಿಕದ ಕಾಲೇಜುಗಳಲ್ಲಿ ಮೊದಲ ದಿನವೇ ಪ್ರತಿ ವಿದ್ಯಾರ್ಥಿಯ ಕೈಗೆ ಕೋರ್ಸಿನ ಹಾಳೆ ಬರುತ್ತದೆ. ಯಾವ ವಾರ ಯಾವ ಪಾಠ, ಟೆಸ್ಟ್ ಯಾವಾಗ, ತಪ್ಪಿದರೆ ಮರುಟೆಸ್ಟ್ ಉಂಟೋ ಇಲ್ಲವೋ, ಅನುಮಾನ ಕೇಳಲು ಯಾವ ಹೊತ್ತಿಗೆ ಬರಬೇಕು, ಎಲ್ಲ ಅದರಲ್ಲಿರುತ್ತದೆ. ನಮ್ಮಲ್ಲಿ ಇವು ನೋಟಿಸ್ ಬೋರ್ಡಿನಲ್ಲೋ ಸೀನಿಯರ್‌ಗಳ ಬಾಯಲ್ಲೋ ಸಿಗುವ ಸಂಗತಿಗಳು. ಅತಿಥಿ ಉಪನ್ಯಾಸಕರ ನೇಮಕ ತಡವಾಗುವ ಕಾಲೇಜುಗಳಲ್ಲಂತೂ ಅರ್ಧ ಸೆಮಿಸ್ಟರ್ ಕಳೆದ ಮೇಲೆ ತಿಳಿಯುತ್ತವೆ. ಒಂದು ಹಾಳೆಯ ಜೆರಾಕ್ಸಿಗೆ ಆಗುವ ಖರ್ಚು ದೊಡ್ಡದಲ್ಲ. ಅದರಲ್ಲಿ ಮಳೆಯಿಂದ ತಪ್ಪಿದ ಇಂಟರ್ನಲ್ ಟೆಸ್ಟಿನ ಬಗ್ಗೆ ಎರಡು ಸಾಲು ಸೇರಿಸಿದರೆ ಕಳಸ, ಮೂಡಿಗೆರೆ ಕಡೆಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹಾಳೆ ಸಿಗದಿದ್ದರೆ ಕಾಯಬೇಡಿ, ಮೊದಲ ವಾರದಲ್ಲೇ ಸ್ಟಾಫ್ ರೂಮಿಗೆ ಹೋಗಿ ಕೇಳಿ ಬರೆದುಕೊಳ್ಳಿ. ಮೊದಲ ಇಂಟರ್ನಲ್ ಆದ ಮೇಲೆ ಅಂಕ ಮಾತ್ರ ನೋಡಿ ಸುಮ್ಮನಾಗದೆ ಉತ್ತರ ಪತ್ರಿಕೆಯನ್ನೂ ಕೇಳಿ ನೋಡಿ, ಯಾವ ಹಂತದಲ್ಲಿ ಅಂಕ ಹೋಯಿತು ಎಂದು ಲೆಕ್ಚರರನ್ನೇ ಕೇಳಿ. ತಪ್ಪು ಬೀಜಗಣಿತದ್ದೋ ಕ್ಯಾಲ್ಕುಲಸ್‌ನದೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ, ಮತ್ತು ಸೆಮಿಸ್ಟರ್ ಆಗ ಇನ್ನೂ ಅರ್ಧ ಬಾಕಿ ಇರುತ್ತದೆ.